ಸಾಫ್ಟ್‌ವೇರ್ ಹೆಣ್ಣುಮಕ್ಕಳಿಗೆ ಉಡಿ ತುಂಬಿದ್ದು

ನಮ್ಮ ಮನೆತನದಲ್ಲಿ ಡಿಗ್ರಿ ಪಾಸಾದವಳು ನಾನೇ ಮೊದಲು. ಯಾರೂ ಕೇಳದಿದ್ದರೂ ಇದನ್ನು ಹೇಳುತ್ತೇನೆ. ಅಪ್ಪ ಯಶವಂತನಗರದ ಗಣಿಯಲ್ಲಿ ಲಾರಿಗೆ ಅದಿರು ತುಂಬಿ ಓದಿಸಿದ್ದು ನಾನು ಸುಮ್ಮನಿರಲಿ ಎಂದಲ್ಲ. ಆಗ ನಾನು ಸಂಡೂರಿನ ಒಂದು ಸಣ್ಣ ಆಫೀಸಿನಲ್ಲಿದ್ದೆ. ಲಾರಿಗಳ ಓಡಾಟ ತೋರಿಸುವ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ತಿಂಗಳ ಕೊನೆಗೆ ಗುತ್ತಿಗೆ ಮುಗಿಯುವುದಿತ್ತು. ಬೇರೆ ಕೆಲಸ ಸಿಗದಿದ್ದರೆ ಡಿಗ್ರಿ ಗೋಡೆಯ ಮೇಲೆ, ನಾನು ಅದರ ಕೆಳಗೆ.

ಹೊಸಪೇಟೆ ಕಡೆಯ ಐಟಿ ಹೆಣ್ಣುಮಕ್ಕಳದೇ ಒಂದು ವಾಟ್ಸಾಪ್ ಗುಂಪಿತ್ತು. ಭಾನುವಾರ ಕಂಪ್ಲಿಯಲ್ಲಿ ಸೇರುವುದೆಂದಾಯಿತು. ದೊಡ್ಡ ಕಂಪನಿಯೊಂದರ ಮ್ಯಾನೇಜರ್ ಮೇಡಂ ಬರುವವರಿದ್ದರು. ಅವರ ತಂಡದಲ್ಲಿ ತಪ್ಪು ಹುಡುಕುವ ಕೆಲಸದ್ದೇ ಒಂದು ಜಾಗ ಖಾಲಿಯಿತ್ತು. ನಾನು ಹೊರಟಿದ್ದು ಆ ಜಾಗಕ್ಕೇ.

ಆಫೀಸಿನ ಹುಡುಗರಿಗೆ ಹೊಟ್ಟೆಯುರಿ ಶುರುವಾಯಿತು.

“ಹೆಣ್ಮಕ್ಕಳಷ್ಟ ಅಂದ್ರ ಹ್ಯಾಂಗಕ್ಕಾ? ಕಂಪ್ಯೂಟರಿಗೆ ಗಂಡು-ಹೆಣ್ಣು ಐತೇನು? ನಾವೂ ಗಂಡಸರದೊಂದು ಗುಂಪು ಮಾಡ್ತೀವಿ.”

“ಮಾಡೀರಲ್ಲಲೇ! ಟೀ ಅಂಗಡಿ ಮುಂದ ದಿನಾ ಸೇರತೈತಿ. ಎಲ್ಲಿ ಕೆಲಸ ಖಾಲಿ ಐತಿ ಅಂಬೋದು ನಿಮಗ ಅಲ್ಲೇ ಗೊತ್ತಾಗತೈತಿ. ನಮ್ಮ ಕಿವಿಗೆ ಬೀಳೋ ಹೊತ್ತಿಗೆ ತುಂಬಿರತೈತಿ.”

“ನೀವೂ ಬರ್ರಿ, ಯಾರು ಬ್ಯಾಡಂದ್ರು?”

ಮರುದಿನ ಹೋಗಿ ನಿಂತೆ. ನಾನಿರುವಷ್ಟು ಹೊತ್ತೂ ಎಲ್ಲರೂ ಗ್ಲಾಸು ಹಿಡಿದು ಬಿಸಿಲಿನ ಬಗ್ಗೆಯೇ ಮಾತಾಡಿದರು.

ಕಂಪ್ಲಿಯಲ್ಲಿ ಜಾಗ ಕೊಟ್ಟವರು ಗುಂಪಿನ ಒಬ್ಬಳ ಅತ್ತೆ, ಅಕ್ಕಿ ಗಿರಣಿಯ ಯಜಮಾನತಿ. ಗಿರಣಿಯ ಮೇಲಿನ ಕೋಣೆ. “ಹೆಂಗಸರು ಮಾತ್ರ” ಎಂದು ಸೊಸೆ ಹೇಳಿದ್ದಳು. ಹೆಂಗಸರಷ್ಟೇ ಸೇರುವುದೆಂದರೆ ಅರಿಶಿನ ಕುಂಕುಮವಲ್ಲದೆ ಮತ್ತೇನು? ಅತ್ತೆ ಓಣಿಯ ಮುತ್ತೈದೆಯರನ್ನೆಲ್ಲ ಕರೆದಿದ್ದರು. ನಾವು ಲ್ಯಾಪ್‌ಟಾಪ್ ತೆರೆಯುವ ಮುಂಚೆಯೇ ಗಲ್ಲಕ್ಕೆ ಅರಿಶಿನ ಬಂತು.

“ಅತ್ತಿ, ಇದು ಕೆಲಸದ ಮೀಟಿಂಗು,” ಎಂದಳು ಸೊಸೆ.

“ಆಗಲಿ ಬಿಡವ್ವ. ಬಂದ ಹೆಣ್ಮಕ್ಕಳನ್ನ ಬರಿ ಉಡಿಲೆ ಕಳಸಿದ್ರ ಮನಿಗೆ ಚಲೋದಲ್ಲ.”

ಮೇಡಂ ಮಾತಿಗೆ ನಿಂತರೆ ಅಜ್ಜಿಯೊಬ್ಬರು ಲ್ಯಾಪ್‌ಟಾಪಿಗೂ ಅಕ್ಷತೆ ಹಾಕಿದರು. ಅಷ್ಟರಲ್ಲಿ ನಮ್ಮವಳೊಬ್ಬಳು, ಮುಂದಿನ ಸಲ ಗಂಡಸರನ್ನೂ ಕರೆಯಬೇಕೆ ಎಂದು ಕೇಳಿದಳು. ಕರೆಯದಿದ್ದರೆ ಭೇದಭಾವ ಎಂದರು ಕೆಲವರು. ಕರೆದರೆ ಅವರೇ ಮಾತಾಡುತ್ತಾರೆ ಎಂದರು ಉಳಿದವರು. ವಾದ ಬಿಸಿಯಾಗಿದ್ದಾಗ ಯಜಮಾನತಿ ಬಾಗಿಲಿನಿಂದಲೇ ತೀರ್ಪು ಕೊಟ್ಟರು: “ಗಂಡಸರು ಬ್ಯಾಡ. ಮಂಡಕ್ಕಿ ಒಗ್ಗಾಣಿ ಸಾಲಂಗಿಲ್ಲ.”

ಮುತ್ತೈದೆಯರೆಲ್ಲ ಕೈಯೆತ್ತಿದರು. ನಿರ್ಣಯ ಪಾಸಾಯಿತು. ಆಮೇಲೆ ಸೆರಗಿಗೆ ಅಕ್ಕಿ, ತೆಂಗಿನಕಾಯಿ ಹಾಕಿ ಉಡಿ ತುಂಬುವುದು, ಹಾಡು, ಆರತಿ. ಮೇಡಂ ಪಕ್ಕದಲ್ಲೇ ಕೂತಿದ್ದರೂ ಕೆಲಸದ ಮಾತೆತ್ತಲು ನನಗೆ ಸಂದಿಯೇ ಸಿಗಲಿಲ್ಲ.

ಬೇಸರದಿಂದ ಕೆಳಗಿಳಿದೆ. ನಮ್ಮನ್ನು ಬೈಕಿನಲ್ಲಿ ಕರೆತಂದ ಗಂಡಂದಿರು, ಅಣ್ಣಂದಿರು, ಅಪ್ಪಂದಿರು ಅಕ್ಕಿ ಮೂಟೆಗಳ ಮೇಲೆ ಕೂತು ಒಗ್ಗಾಣಿ ತಿನ್ನುತ್ತಿದ್ದರು. ಅಪ್ಪ ಎದ್ದು ಓಡಿಬಂದ.

“ಯವ್ವಾ, ನಿನ್ನ ಕೆಲಸ ಆತು! ಇವರು ಮೇಡಂ ಅವರ ಯಜಮಾನ್ರು. ಟೈಲ್ಸ್ ಅಂಗಡಿ ಐತಿ. ಮನಿಯಾಕಿಗೆ ಹೇಳ್ತೀನಿ ಅಂದಾರ.”

ನಾವು ಮೇಲೆ ಬಾಗಿಲು ಹಾಕಿಕೊಂಡು ಹೆಂಗಸರದೇ ಗುಂಪು ಬೇಕೆಂದು ಬಡಿದಾಡುತ್ತಿದ್ದರೆ, ಕೆಳಗೆ ಮೂಟೆಗಳ ಮೇಲೆ ನನ್ನ ಕೆಲಸದ ತೀರ್ಮಾನವೇ ಆಗಿತ್ತು. ಅಷ್ಟರಲ್ಲಿ ಮೇಡಂ ಸೆರಗಿನ ತುಂಬ ಉಡಿ ಹಿಡಿದು ಮೆಟ್ಟಿಲಿಳಿದು ಬಂದರು.

“ಇವರ ಮಗಳಿಗೊಂದು ಕೆಲಸ ಕೊಡು,” ಎಂದರು ಟೈಲ್ಸ್ ಯಜಮಾನರು.

ನನಗೆ ತಡೆಯಲಾಗಲಿಲ್ಲ. “ಮೇಡಂ, ಇವರಿಬ್ಬರ ಮಾತು ಬಿಡ್ರಿ. ನಾ ಕೇಳ್ತೀನಿ. ನಿಮ್ಮ ತಂಡದಾಗ ಜಾಗ ಐತಲ್ರಿ, ಆ ಕೆಲಸ ನನಗ ಬರತೈತಿ.”

“ಈಗಿರೋ ಕೆಲಸದಾಗ ಏನು ತಪ್ಪು ಹಿಡಿದೀ?” ಎಂದು ಕೇಳಿದರು ಮೇಡಂ.

“ಖಾಲಿ ಲಾರಿ ಗೇಟು ದಾಟಿದ್ರೂ ಲೋಡು ಅಂತ ತೋರಿಸ್ತಿತ್ತು…”

“ಅಕಿ ಭಾಳ ಶಾಣ್ಯಾಕಿ ರೀ,” ಎಂದ ಅಪ್ಪ.

“ನಂಗೂ ಹಂಗ ಅನಿಸ್ತು ನೋಡು,” ಎಂದರು ಯಜಮಾನರು.

ಮೇಡಂ ಇಬ್ಬರನ್ನೂ ನೋಡಿದರು. “ಗಂಡಸರೆಲ್ಲಾ ಜರಾ ಹೊರಗ ನಿಂದರ್ರಿ.”

ತಟ್ಟೆ ಹಿಡಿದುಕೊಂಡೇ ಎಲ್ಲರೂ ಬಿಸಿಲಿಗೆ ಹೋದರು. ಕೊನೆಗೆ ಹೋದವನು ಅಪ್ಪ. ಮೇಡಂ ಉಡಿಯ ತೆಂಗಿನಕಾಯಿ ಉರುಳದಂತೆ ಮೆಟ್ಟಿಲ ಮೇಲೆ ಕೂತು ಪಕ್ಕಕ್ಕೆ ಸರಿದರು. “ಕುಂದ್ರವ್ವ. ಲಾರಿ ಗೇಟು ದಾಟಿತು. ಆಮ್ಯಾಲೆ?”

ಕೆಲಸ ಸಿಕ್ಕಿತು. ಅದು ತನ್ನ ಮಾತಿನಿಂದಲೇ ಆಯಿತೆಂದು ಅಪ್ಪ ಇಂದಿಗೂ ಓಣಿಯಲ್ಲಿ ಹೇಳುತ್ತಾನೆ. ನಾನು ಅಲ್ಲೇ ನಿಂತು ಅಲ್ಲ ಎನ್ನುತ್ತೇನೆ.