ನಿಲ್ಲದ ಕಾಲು

ನಮ್ಮ ಕುಣಿಗಲ್‌ನಲ್ಲಿ ಓಟದ ಕೋಚ್ ಮೆಹನಾಜ್ ಮೇಡಂ ಎದ್ದ ಮೇಲೇ ಕೋಳಿ ಕೂಗುವುದು. ಹೆಣ್ಣುಮಕ್ಕಳನ್ನು ನಸುಕಿನಲ್ಲಿ ಒಂಟಿಯಾಗಿ ಕಳಿಸಲು ಮನೆಯವರು ಹೆದರುತ್ತಾರೆಂದು, ತಾವೇ ಬೀದಿ ಬೀದಿ ಓಡಿ ಒಬ್ಬೊಬ್ಬಳನ್ನೇ ಬೆನ್ನ ಹಿಂದೆ ಸೇರಿಸಿಕೊಂಡು ಕೆರೆ ಏರಿಗೆ ಬರುತ್ತಾರೆ. ಹುಡುಗಿಯರ ಓಟ ಶುರುವಾಗುವ ಹೊತ್ತಿಗೆ ಮೇಡಂ ಊರನ್ನೇ ಸುತ್ತಿರುತ್ತಾರೆ. ಬಾಗಿಲು ಬಡಿಯುವಾಗಲೂ, ಅಪ್ಪಂದಿರ ಜೊತೆ ವಾದಿಸುವಾಗಲೂ ಅವರ ಕಾಲು ನಿಂತಲ್ಲೇ ಓಡುತ್ತಿರುತ್ತದೆ. ನಿದ್ದೆಯಲ್ಲೂ ಹಾಗೆಯೇ ಇರಬೇಕೆಂದು ನನ್ನ ಗುಮಾನಿ. ಎದುರು ಮನೆಯ ಅರ್ಜೂಳಿಗೆ ಮನೆಯವರು ಓಟ ಬಿಡಿಸಿ ವರ್ಷವಾಯಿತು. ಮೇಡಂ ಮಾತ್ರ ಆ ಮುಚ್ಚಿದ ಬಾಗಿಲಿಗೆ ದಿನವೂ ಬಂದು, "ಅರ್ಜೂ, ಏಳೇ, ಲೇಟಾಯ್ತು ಕಣೇ" ಎಂದು ಕೂಗಿ ಮುಂದೆ ಓಡುತ್ತಿದ್ದರು. ಇವತ್ತು ಬಾಗಿಲು ತೆರೆಯಿತು. ಅರ್ಜೂಳ ತಾಯಿ ಮಗಳ ಶೂ ಒರೆಸುತ್ತಾ, "ಬರ್ತಾಳೆ, ಒಂದ್ ನಿಮಿಷ ಇರಿ ಮೇಡಂ" ಎಂದರು. ಮೇಡಂ ಕಾಲು ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.