‘ಅವ್ವಗ ಹೇಳಬ್ಯಾಡ’

ನಮ್ಮ ಕಡೆ ಅಪರಿಚಿತರು ಮನೆಗೆ ಬಂದರೆ ಮೊದಲು ಒಂದು ತಂಬಿಗೆ ನೀರು ಕೊಡುತ್ತೇವೆ. ಅವರು ಕುಡಿದು ಮುಗಿಸುವುದರೊಳಗೆ ಯಾವ ಊರು, ಯಾರ ಪೈಕಿ ಎಂಬ ಎರಡು ಪ್ರಶ್ನೆಗಳನ್ನೂ ಕೇಳಿ ಮುಗಿಸಿರುತ್ತೇವೆ. ಉತ್ತರದಲ್ಲಿ ಗುರುತಿನ ಅಂಗಡಿಯೊಂದೋ ದೂರದ ಬೀಗರೊಬ್ಬರೋ ಸಿಕ್ಕಿದರೆ ಸಾಕು, ನೀರಿನ ಹಿಂದೆಯೇ ಚಹಾ ಬರುತ್ತದೆ. ನಗಬೇಡಿ ಮಿತ್ರರೇ, ಮನುಷ್ಯರನ್ನು ಪರೀಕ್ಷಿಸಲು ಇದಕ್ಕಿಂತ ದೊಡ್ಡ ವಿದ್ಯೆಯಿಲ್ಲವೆಂದು ನಾನೂ ಬಹಳ ದಿನ ನಂಬಿದ್ದೆ.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಚಿಗವ್ವ ಗಂಗವ್ವ ಐರಣಿಯಲ್ಲಿ ಹೊಳೆಯ ದಂಡೆಗೆ ಮೂರು ಖೋಲಿ ಕಟ್ಟಿಸಿ, ಬೇಸಿಗೆ ರಜೆಗೆ ಬರುವ ಸಂಸಾರಗಳಿಗೆ ಬಾಡಿಗೆಗೆ ಕೊಡುತ್ತಿದ್ದಳು. ಹಾವೇರಿಯ ಕಚೇರಿಯವರು ಕಡತದ ಧೂಳು ತೊಳೆದುಕೊಳ್ಳಲು ಬರುತ್ತಿದ್ದರು. ನಾನು ಸೊಸೆಯಾಗಿ ಕಾಲಿಟ್ಟ ಮನೆಯಂಥ, ಮೆಣಸಿನಕಾಯಿ ಘಾಟಿನ ಬ್ಯಾಡಗಿಯ ಮನೆಗಳವರು ವರ್ಷಕ್ಕೊಮ್ಮೆಯಾದರೂ ಸೀನದೆ ಉಸಿರಾಡಲು ಬರುತ್ತಿದ್ದರು. ದೊಡ್ಡವರು ಬೇವಿನ ನೆರಳಲ್ಲಿ ಗೊರಕೆ ಹೊಡೆಯುವಾಗ ಮಕ್ಕಳನ್ನು ಹೊಳೆಗೆ ಕರೆದೊಯ್ದು ಕರೆತರಲು ಒಬ್ಬರು ಬೇಕಾಗಿತ್ತು. ಬೇಸಿಗೆಯಲ್ಲಿ ಅಲ್ಲಿ ನೀರು ಮೊಣಕಾಲುದ್ದ, ಆದರೆ ಒಂದು ಕರಿಬಂಡೆಯ ಆಚೆ ಆಳವಾದ ಮಡು.

ನಾನು ನಮ್ಮ ಅತ್ತೆಯ ತಮ್ಮನ ಮಗ ವೀರಪ್ಪನನ್ನು ಕರೆದುಕೊಂಡು ಹೋದೆ. ಕೆಲಸ ಆದಂತೆಯೇ ಎಂದು ಅತ್ತೆಗೆ ಮಾತನ್ನೂ ಕೊಟ್ಟಿದ್ದೆ; ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದರಲ್ಲಿ ನಾನು ಮೊದಲಿನಿಂದಲೂ ಜಾಣೆ. ವೀರಪ್ಪ ರೈಲಿನ ಹಾಗೆ ಕೂಗುತ್ತಿದ್ದ, ನವಿಲಿನ ಹಾಗೆ ನಡೆಯುತ್ತಿದ್ದ. ಅರ್ಧ ತಾಸಿನಲ್ಲಿ ಮಕ್ಕಳೆಲ್ಲ ಅವನ ಬೆನ್ನು ಹತ್ತಿದರು. ಅದೇ ದಿನ ರಾಣೆಬೆನ್ನೂರಿನಿಂದ ಮಾಬುಬಿ ಎಂಬ ಹೆಂಗಸೂ ಕೆಲಸ ಕೇಳಿಕೊಂಡು ಬಂದಳು. ಯಾರ ಪೈಕಿ ಎಂದು ಎಷ್ಟು ಕೇಳಿದರೂ ನಮಗೆ ಗುರುತಿನ ಒಂದು ಹೆಸರೂ ಹೊರಡಲಿಲ್ಲ. ನಗುವುದರಲ್ಲಂತೂ ಬಹಳ ಬಿಗಿ.

“ಇಬ್ಬರೂ ಎರಡು ದಿನ ಇರ್ರಿ, ಉಣ್ರಿ, ಹುಡುಗರ ಜೋಡಿ ಹೋಗಿ ಬರ್ರಿ. ಆಮ್ಯಾಲೆ ನೋಡೂಣು,” ಎಂದಳು ಚಿಗವ್ವ. ಇದರಲ್ಲಿ ನೋಡುವುದೇನಿದೆ ಎಂದು ನನಗೆ ಒಳಗೊಳಗೇ ನಗು.

ಮರುದಿನವೇ ಮಾಬುಬಿ ಹಾವೇರಿಯವರ ಹುಡುಗನನ್ನು ಎತ್ತಿಕೊಂಡು ನೇರ ಅವನ ತಾಯಿಯ ಮುಂದೆ ಬಂದು ನಿಂತಳು. “ಬಾಯಾರ, ನಿಮ್ಮ ಹುಡುಗ ಹೊಳಿ ದಂಡಿ ಪಾವಟಿಗಿ ಮ್ಯಾಲೆ ಜಾರಿ ಬಿದ್ದಾನ್ರಿ, ಮೊಣಕಾಲು ತರಚೈತಿ. ತಪ್ಪು ನಂದ. ನಾ ಆ ಕಡೆ ಮುಖಾ ಮಾಡಿ ಟಾವೆಲ್ ಹಿಂಡಾಕತ್ತಿದ್ದೆ.” ಹುಡುಗ ಅಳುತ್ತಲೂ ಇರಲಿಲ್ಲ. ಕೆಲಸದ ಮೊದಲ ದಿನವೇ ತನ್ನ ತಪ್ಪನ್ನು ತಾನೇ ಡಂಗುರ ಸಾರಿಕೊಂಡವಳಿಗೆ ಯಾರು ಕೆಲಸ ಕೊಡುತ್ತಾರೆ? ವೀರಪ್ಪನ ಕೆಲಸ ಗಟ್ಟಿಯಾಯಿತೆಂದು ನಾನು ಇನ್ನೊಂದು ಕಪ್ ಚಹಾ ಕುಡಿದೆ.

ಚಿಗವ್ವನಿಗೆ ಸಂಜೆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂಡಿಸಿಕೊಂಡು ತಲೆಗೆ ಎಣ್ಣೆ ಹಚ್ಚುವ ರೂಢಿ. ಹಚ್ಚುತ್ತಾ “ಇವತ್ತ ಏನೇನು ಮಾಡಿದ್ರಿ?” ಎನ್ನುವಳು. ಐದು ವರ್ಷದ ನನ್ನ ಮಗಳು ಸುಮಾ ಬಾಯಿ ತೆಗೆದರೆ ಮುಚ್ಚುವವಳಲ್ಲ. ಅಂದು ಮಾತ್ರ ತುಟಿ ಬಿಗಿದು ಕುಳಿತಳು. ಚಿಗವ್ವ ಒತ್ತಾಯಿಸಲಿಲ್ಲ, ಗದರಲಿಲ್ಲ. ಎಣ್ಣೆ ಹಚ್ಚುತ್ತಲೇ ಇದ್ದಳು. ಕೊನೆಗೆ ಕೂಸು ಮೆಲ್ಲಗೆ ಹೇಳಿತು: “ವೀರಪ್ಪ ಮಾಮಾ ಹೆಗಲ ಮ್ಯಾಲೆ ಕೂಡಿಸ್ಕೊಂಡು ಕರಿಬಂಡಿ ಆಚೆ ಹೋಗಿದ್ದ. ಅವ್ವಗ ಹೇಳಬ್ಯಾಡ ಅಂದಾನ.”

ಏನೂ ಆಗಿರಲಿಲ್ಲ. ವೀರಪ್ಪನ ಮನಸ್ಸಿನಲ್ಲಿ ಕೇಡೂ ಇರಲಿಲ್ಲ, ಮಕ್ಕಳ ಸಂತೋಷ ನೋಡುವ ಹುಕಿ ಅಷ್ಟೇ. ಆದರೂ ಮರುದಿನ ಮುಂಜಾನೆ ಚಿಗವ್ವ ಅವನಿಗೆ ರೊಟ್ಟಿಯ ಬುತ್ತಿ ಕಟ್ಟಿ ಕೊಟ್ಟು, ಬೆನ್ನು ಚಪ್ಪರಿಸಿ ಬಸ್ಸು ಹತ್ತಿಸಿಬಿಟ್ಟಳು. ನನಗೆ ಸಿಟ್ಟು ನೆತ್ತಿಗೇರಿತು. “ಅತ್ತಿಗೆ ನಾ ಹ್ಯಾಂಗ ಮುಖಾ ತೋರಿಸ್ಲಿ? ಅವರು ನಮ್ಮವರು, ಚಿಗವ್ವ!”

“ನಮ್ಮವರು ಅಂತನ ಅಲ್ಲೇನು, ಕೂಸು ನಿನಗ ಹೇಳದ ಇದ್ದದ್ದು? ನೀರಿನ ಅಂಜಿಕಿ ನನಗಿಲ್ಲ, ಮಡು ಎಲ್ಲೈತಿ ಗೊತ್ತೈತಿ. ಕೂಸಿನ ಬಾಯಿಗೆ ಬೀಗಾ ಹಾಕಿದ್ರ ಅಪಾಯ ಎಲ್ಲೈತಿ ಅಂತ ಎಲ್ಲಿ ಹುಡುಕೂದು? ಆ ಮಾಬುಬಿ ನೋಡು, ಯಾರೂ ಕೇಳದ ತನ್ನ ತಪ್ಪು ತಾನ ಹೇಳಿದಳು. ಆಕಿ ಇರ್ತಾಳ.”

ಕುಲಗೋತ್ರ, ಬೀಗತನ, ಮೂರು ತಲೆಮಾರಿನ ಹೆಸರು ಎಲ್ಲ ಕೇಳಿದ್ದೆ. ನನ್ನದೇ ಮಗಳನ್ನು ಮಾತ್ರ ಏನೂ ಕೇಳಿರಲಿಲ್ಲ. ಮಕ್ಕಳನ್ನು ಇನ್ನೊಬ್ಬರ ಕೈಗೆ ಒಪ್ಪಿಸುವ ಮುನ್ನ ಆ ಕೈ ಯಾರದೆಂದು ವಿಚಾರಿಸುತ್ತೇವೆಯೇ ಹೊರತು, ಆ ಕೈಯಿಂದ ಮರಳಿ ಬಂದ ಮಗುವನ್ನು ವಿಚಾರಿಸಲು ನಮಗೆ ಪುರಸೊತ್ತಿರುವುದಿಲ್ಲ. ಉಳಿದ ರಜೆಯೆಲ್ಲ ಸುಮಾ ಮಾಬುಬಿಯ ಸೆರಗು ಬಿಡಲಿಲ್ಲ, ಮಾಬುಬಿ ಒಮ್ಮೆ ನಕ್ಕದ್ದೂ ಉಂಟು.

ಬ್ಯಾಡಗಿಗೆ ಮರಳಿದಾಗ ಅತ್ತೆ ಹೊಸ್ತಿಲಲ್ಲೇ ಮುಖ ಊದಿಸಿಕೊಂಡು ನಿಂತಿದ್ದರು. “ನನ್ನ ತಮ್ಮನ ಮಗ ಅಂಥಾದ್ದೇನು ಮಾಡಿದ್ದ?” ಎಂದರು. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ನಯವಾದ ಸುಳ್ಳೊಂದು ನನ್ನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಸುಮಾ ನಡುವೆ ಬಂದು ನಿಂತಳು.

“ಅಜ್ಜಿ, ಮಾಮಾ ಹೇಳಬ್ಯಾಡ ಅಂದಾನ. ಆದ್ರೂ ನಾ ಹೇಳ್ತೇನಿ.”

ಹೇಳಿದಳು, ಬಂಡೆ, ಹೆಗಲು, ನೀರು ಎಲ್ಲ. ಅತ್ತೆಯ ಮುಖದ ಬಣ್ಣ ಇಳಿಯುತ್ತಾ ಬಂತು. ತವರಿನ ಅಭಿಮಾನ ಸಣ್ಣದಲ್ಲ. ಈಗ ಮಗುವಿಗೇ ಗದರುತ್ತಾರೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವರು ಹೊಸ್ತಿಲ ಮೇಲೇ ಕುಸಿದು ಕುಳಿತು, ಅವಳನ್ನು ತೊಡೆಯ ಮೇಲೆ ಎಳೆದುಕೊಂಡು ಹೇಳಿದರು:

“ಇನ್ನೊಮ್ಮೆ ಹೇಳು, ನನ ಕಂದಾ. ಒಂದೂ ಬಿಡದ ಹೇಳು.”