ಕೆಳಗಿನಿಂದ ಓದುತ್ತಿದ್ದ ರತ್ನಮ್ಮ

ಮತದಾನಕ್ಕೆ ಒಂಬತ್ತು ದಿನ ಉಳಿದಿದ್ದ ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಮಧುಗಿರಿಯ ಪ್ರೆಸ್ಸಿನಲ್ಲಿ ಇದ್ದವರು ಮೂವರು: ಒಡತಿ ರತ್ನಮ್ಮ, ಇಪ್ಪತ್ತು ವರ್ಷದಿಂದ ಮಿಷನ್ ನಡೆಸುತ್ತಿದ್ದ ಇಸ್ಮಾಯಿಲ್, ಕರಡು ತಿದ್ದುವ ನಾನು. ರತ್ನಮ್ಮ ಆಗಷ್ಟೇ ಬ್ಯಾಂಕಿನಿಂದ ಬಂದ ಫೋನು ಇಟ್ಟು, ಒಂದು ಕರಪತ್ರವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರು.

ಅವರು ಎಲ್ಲವನ್ನೂ ಓದುತ್ತಿದ್ದುದು ಹಾಗೆಯೇ. ಮದುವೆ ಪತ್ರ ಕೊಟ್ಟರೂ ವಧೂವರರ ಹೆಸರಿಗಿಂತ ಮೊದಲು ಕಣ್ಣು ಹೋಗುತ್ತಿದ್ದುದು ತಳದ ಸಣ್ಣಕ್ಷರದ ಸಾಲಿಗೆ: ಅಚ್ಚು ಹಾಕಿದವರು ಯಾರು, ಯಾವ ಊರು. “ಮೇಲ್ಗಡೆ ಯಾರು ಬೇಕಾದ್ರೂ ಏನು ಬೇಕಾದ್ರೂ ಬರೀತಾರೆ ಮೇಷ್ಟ್ರೇ. ಬುಡ ತೋರ್ಸಿ ನಂಗೆ” ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅಚ್ಚುಮೊಳೆ ಜೋಡಿಸುವುದನ್ನು ಕಲಿತು, ಮುಂದೆ ಆಫ್‌ಸೆಟ್ಟಿಗೂ ಒಗ್ಗಿಕೊಂಡವರು. ಬಲಗೈ ಉಗುರಿನ ಸುತ್ತ ಕೂತ ಮಸಿ ಯಾವ ಸೋಪಿಗೂ ಜಗ್ಗಲಿಲ್ಲ. ಒಮ್ಮೆ ಮತಗಟ್ಟೆಯಲ್ಲಿ ಅಧಿಕಾರಿ ಆ ಕೈ ನೋಡಿ ಹುಬ್ಬೇರಿಸಿದಾಗ, “ಇದು ಹೊಟ್ಟೆಪಾಡಿನ ಮಸಿ ಕಣಪ್ಪ. ನಿಂದು ಈ ಕಡೆ ಹಚ್ಚು” ಎಂದು ಎಡಗೈ ಚಾಚಿದ್ದರು.

ಚುನಾವಣೆಯ ಕರಪತ್ರ ಬಂತೆಂದರೆ ಅವರ ಬಿಗಿ ಹೆಚ್ಚುತ್ತಿತ್ತು. ಅಚ್ಚು ಹಾಕಿಸುವವನು ತಾನು ಯಾರೆಂದು ಘೋಷಣಾಪತ್ರ ಬರೆದುಕೊಡಬೇಕು, ಅವನನ್ನು ಖುದ್ದಾಗಿ ಬಲ್ಲ ಇಬ್ಬರು ಅದಕ್ಕೆ ಸಾಕ್ಷಿ ಹಾಕಬೇಕು, ಒಂದು ಪ್ರತಿ ಚುನಾವಣಾ ಕಚೇರಿಗೆ ಹೋಗಬೇಕು. ಕಾನೂನು ಇರುವುದೇ ಹಾಗೆ. ಬರುವವರೆಲ್ಲ ಊರಿನ ಪರಿಚಿತರೇ ಆದ್ದರಿಂದ ಸಾಕ್ಷಿ ಹಾಕುತ್ತಿದ್ದವರು ನಾನು ಮತ್ತು ಇಸ್ಮಾಯಿಲ್. ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ನಾಳೆಯ ಕೆಲಸ ಇವತ್ತೇ ಮುಗಿಸುವುದು ಅಭ್ಯಾಸ. ನಾನಿಲ್ಲದಾಗ ಪ್ರೆಸ್ಸು ನಿಲ್ಲಬಾರದೆಂದು ಹತ್ತು ಖಾಲಿ ಘೋಷಣಾಪತ್ರಗಳಿಗೆ ಮೊದಲೇ ಸಹಿ ಹಾಕಿ ಇಸ್ಮಾಯಿಲ್‌ನ ಡ್ರಾಯರಿನಲ್ಲಿ ಇಟ್ಟುಬಿಟ್ಟಿದ್ದೆ. ರತ್ನಮ್ಮನವರಿಗೆ ಹೇಳಿರಲಿಲ್ಲ.

ಶನಿವಾರ ಅವರು ಕೊರಟಗೆರೆಗೆ ತಂಗಿಯ ಮನೆಗೆ ಹೋಗಿದ್ದರು. ನಾನೂ ಇರಲಿಲ್ಲ. ಆಗ ಫೋನಿನಲ್ಲೇ ಒಂದು ಆರ್ಡರು ಬಂತು, ರೈತರ ಹೆಸರು ಹೇಳಿಕೊಂಡ, ಯಾರೂ ಕೇಳಿರದ ಒಂದು ವೇದಿಕೆಯಿಂದ. ಹಣ ನೇರವಾಗಿ ಖಾತೆಗೆ ಹಾಕುತ್ತೇವೆಂದರು. ಇಸ್ಮಾಯಿಲ್ ನನ್ನ ಸಹಿಯಿದ್ದ ಪತ್ರವನ್ನು ತುಂಬಿ, ಅಚ್ಚು ಹಾಕಿ, ಭಾನುವಾರ ಹನ್ನೆರಡು ಕಟ್ಟುಗಳನ್ನು ಪಾವಗಡದ ಬಸ್ಸಿಗೆ ಏರಿಸಿದ.

ಸೋಮವಾರ ಬೆಳಿಗ್ಗೆ ಬ್ಯಾಂಕಿನವರು ಫೋನಿನಲ್ಲಿ ಕೇಳಿದ್ದು ಇಷ್ಟೇ: ನಿಮ್ಮ ಖಾತೆಗೆ ಹೊರದೇಶದಿಂದ ಹಣ ಬಂದಿದೆ, ಯಾವ ಬಾಬ್ತು ಎಂದು ಬರೆದುಕೊಡಿ.

ಕರಪತ್ರದಲ್ಲಿ ಹೀಗಿತ್ತು: ಸೋಲಾರ್ ವಿದ್ಯುತ್ ಘಟಕಕ್ಕೆ ಜಮೀನು ಗುತ್ತಿಗೆ ಕೊಟ್ಟವರು ಈ ಸಲ ಮತ ಹಾಕಿದರೆ, ಜಮೀನನ್ನು ಶಾಶ್ವತವಾಗಿ ಬಿಟ್ಟುಕೊಡಲು ಒಪ್ಪಿದಂತೆ.

“ಯಾರ್ಲಾ ಇವ್ನು? ಮೊಕ ಕಂಡಿದ್ದೀಯಾ?” ಎಂದು ರತ್ನಮ್ಮ ಇಸ್ಮಾಯಿಲ್‌ನನ್ನು ಕೇಳಿದರು.

“ಇಲ್ಲಕ್ಕ. ಮೇಷ್ಟ್ರು ಸೈನು ಇತ್ತಲ್ಲ, ಅವ್ರಿಗೆ ಗೊತ್ತಿರೋರೇ ಅಂದ್ಕಂಡೆ” ಎಂದ ಇಸ್ಮಾಯಿಲ್.

ರತ್ನಮ್ಮ ನನ್ನತ್ತ ತಿರುಗಿದರು. “ಕಚೇರಿಗೆ ಪ್ರತಿ ಇನ್ನೂ ಹೋಗಿಲ್ಲ. ಆ ಘೋಷಣಾಪತ್ರ ಹರಿದುಬಿಡೋಣ” ಎಂದೆ. ಅದನ್ನು ಹೇಳಿದವನು ನಾನೇ.

“ಹರಿದ್ರೆ? ಅಲ್ಲೋಗಿರೋ ಕಾಗದದಾಗೆಲ್ಲ ನನ್ನ ಹೆಸ್ರೈತೆ. ಅದ್ನೂ ಹರೀತೀರಾ?” ಅವರು ಎದ್ದು ಚಪ್ಪಲಿ ಮೆಟ್ಟಿದರು. “ಎಲ್ಲೋ ಕುಂತಿರೋ ಪರದೇಸದೋನು, ನಮ್ ಜನ ಓಟಾಕ್ಬಾರ್ದು ಅಂತ ದುಡ್ಡು ಕಳಿಸ್ತಾನೆ. ಅವ್ನಿಗೆ ಬೇಕಾಗಿದ್ದು ನಿಮ್ ಸೈನು, ನನ್ ಮಿಷನ್ನು. ಎಲ್ಡೂ ಕೊಟ್ಬುಟ್ವಿ.”

ಚುನಾವಣಾ ಕಚೇರಿಯಲ್ಲಿ ನಿಂತೇ ಹೇಳಿಕೆ ಬರೆದರು. ನನ್ನ ಹೆಸರನ್ನೂ ಬಿಡಲಿಲ್ಲ. ಅಧಿಕಾರಿ ಓದಿ, “ನಿಮ್ಮ ಮೇಲೂ ಕೇಸಾಗುತ್ತಮ್ಮ” ಎಂದರು.

“ಆಗ್ಲಿ ಸಾರ್. ಮೊದ್ಲು ಗಾಡಿ ಕಳ್ಸಿ.”

ಜೀಪಿನಲ್ಲಿ ಕಚೇರಿಯ ಇಬ್ಬರ ಜೊತೆ ರತ್ನಮ್ಮ, ನಾನು ಕುಳಿತೆವು. ನಾನು ಪ್ರತಿ ಮೈಲಿಗಲ್ಲಿಗೂ ವಾಚು ನೋಡುತ್ತಿದ್ದೆ. “ಅದನ್ನ ನೋಡಿದ್ರೆ ಇದು ಜೋರಾಗಿ ಓಡ್ತದಾ ಮೇಷ್ಟ್ರೇ?” ಎಂದರು. ಮಡಿಲಲ್ಲಿ ಅವರ ಕೈಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು.

ಪಾವಗಡದ ಪಾರ್ಸೆಲ್ ಕೋಣೆಯಲ್ಲಿ ಇದ್ದದ್ದು ಹನ್ನೊಂದು ಕಟ್ಟು. ಒಂದನ್ನು ಬೆಳಿಗ್ಗೆಯೇ ಯಾರೋ ಸೋಲಾರಿಗೆ ಜಮೀನು ಕೊಟ್ಟಿದ್ದ ತಿರುಮಣಿ ಕಡೆಗೆ ಒಯ್ದಿದ್ದರು.

ತಿರುಮಣಿಯ ಟೀ ಅಂಗಡಿ ಮುಂದೆ ಹದಿನೈದು ಜನ ಆ ಹಾಳೆ ಹಿಡಿದು ನಿಂತಿದ್ದರು. ಜೊತೆಗೆ ಬಂದ ಅಧಿಕಾರಿ, ಇದು ಸುಳ್ಳು ಸುದ್ದಿ ಎಂದರೆ ಯಾರೂ ನಂಬಲಿಲ್ಲ. “ಗೌರ್ಮೆಂಟೋರು ಇನ್ನೇನಂತಾರೆ” ಎಂದು ಒಬ್ಬ ನಕ್ಕ. ರತ್ನಮ್ಮ ಮುಂದೆ ಹೋಗಿ, ಒಬ್ಬ ಮುದುಕಿಯ ಕೈಲಿದ್ದ ಹಾಳೆಯನ್ನು ಮಡಚಿ ತಳದ ಸಾಲನ್ನಷ್ಟೇ ತೋರಿಸಿದರು.

“ಯಾರಾದ್ರೂ ಓದ್ರಪ್ಪ. ರತ್ನಮ್ಮ, ಮಧುಗಿರಿ. ಅದು ನಾನೇ. ಇದ್ನ ಅಚ್ಚಾಕ್ದೋಳು. ಇದು ಸುಳ್ಳು.”

“ಅಬದ್ಧ ಅಂದ್ಮೇಲೆ ಯಾಕಮ್ಮಾ ಅಚ್ಚಾಕ್ದೆ?” ಎಂದಳು ಮುದುಕಿ.

“ತಪ್ಪಾಯ್ತು ಕಣವ್ವ. ನೋಡ್ದೆ ಹಾಕ್ಬುಟ್ವಿ. ಈ ಮೇಷ್ಟ್ರೂ ನೋಡ್ದೆ ಸೈನಾಕವ್ರೆ.”

ಎಲ್ಲರೂ ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಮುದುಕಿ ರತ್ನಮ್ಮನ ಮಸಿಗೈಯನ್ನು ತಿರುಗಿಸಿ ನೋಡಿ, ಹಾಳೆ ಅವರಿಗೇ ಬಿಟ್ಟಳು. ಮಿಕ್ಕವರೂ ಒಬ್ಬೊಬ್ಬರಾಗಿ ಕೊಟ್ಟರು. ಕಟ್ಟಿನ ಅರ್ಧದಷ್ಟು ಮಾತ್ರ ಸಿಕ್ಕಿತು. ಉಳಿದವು ಯಾವ ಮನೆ ಸೇರಿದವೋ, ಅದನ್ನು ಓದಿ ಯಾರು ಮತಗಟ್ಟೆಗೆ ಬರದೆ ಉಳಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಕೇಸು ಮುಗಿಯುವ ಮುಂಚೆ ರತ್ನಮ್ಮ ತೀರಿಕೊಂಡರು. ಅವರ ತಿಥಿಯ ಪತ್ರ ಬಂದಾಗ ಕೆಳಗಿನಿಂದ ಓದಿದೆ. ಅಚ್ಚು ಹಾಕಿದವರ ಹೆಸರೇ ಇರಲಿಲ್ಲ. ಇಸ್ಮಾಯಿಲ್‌ನನ್ನು ಕೇಳೋಣವೆಂದರೆ ರತ್ನಮ್ಮನವರ ಪ್ರೆಸ್ಸಿಗೆ ಬೀಗ ಬಿದ್ದಿತ್ತು.

ಆ ಸೋಮವಾರ ನಾವು ಮಧುಗಿರಿಗೆ ಮರಳಿದಾಗ ಸಂಜೆ ಆರು ಗಂಟೆ. ನಾನು ಮನೆಗೆ ಹೊರಟಿದ್ದೆ. ರತ್ನಮ್ಮ ಇಸ್ಮಾಯಿಲ್‌ನ ಡ್ರಾಯರು ಎಳೆದು, ನಾನು ಸಹಿ ಹಾಕಿದ್ದ ಹತ್ತರಲ್ಲಿ ಬಳಕೆಯಾಗದೆ ಉಳಿದಿದ್ದ ಆರು ಖಾಲಿ ಪತ್ರಗಳನ್ನು ಮೇಜಿನ ಮೇಲಿಟ್ಟು ಕೆಂಪು ಪೆನ್ನು ಕೊಟ್ಟರು.

“ನೀವೇ ಗೀಟು ಹೊಡೀರಿ.”

ನಾಲ್ಕನೆಯದರಲ್ಲಿ ಗೆರೆ ಸೊಟ್ಟಗಾಯಿತು.

“ನೆಟ್ಟಗೆ ಎಳೀರಿ ಮೇಷ್ಟ್ರೇ. ಡ್ರಿಲ್ ಮಾಡ್ಸ್ದೋರು ನೀವು.”

ಆರನೆಯ ಸಹಿಯ ಮೇಲೂ ಗೆರೆ ಎಳೆದು, ಪೆನ್ನಿನ ಮುಚ್ಚಳ ಹಾಕಿದೆ.